ಪಕ್ಕದ ಬರ್ತಿನವರ ರಿಪೋರ್ಟ್

ಮುಂಬೈ ಕಡೆ ಮಕ್ಕಳನ್ನು ಓದಿಸುವ ನಮ್ಮಂಥ ಕರಾವಳಿಯವರಿಗೆ ಬೇಸಿಗೆ ರಜೆ ಅಂದರೆ ಮೊದಲು ಕ್ಯಾಲೆಂಡರಿನ ಜೊತೆ ಜಗಳ. ಊರಿನ ಶಾಲೆಗಳಿಗೆ ಏಪ್ರಿಲ್ ಎರಡನೇ ವಾರಕ್ಕೇ ರಜೆ ಸಿಗುತ್ತದೆ, ಮೇ ಕೊನೆಗೆ ಮುಗಿಯುತ್ತದೆ. ಇಲ್ಲಿ ಡೊಂಬಿವಲಿಯಲ್ಲಿ ನಮ್ಮ ಮಕ್ಕಳಿಗೆ ರಜೆ ಶುರುವಾಗುವುದೇ ಮೇ ಹೊತ್ತಿಗೆ, ಮುಗಿಯುವುದು ಜೂನ್ ಮಧ್ಯಕ್ಕೆ. ಎರಡೂ ಕಡೆಯ ಮಕ್ಕಳಿಗೆ ಒಟ್ಟಿಗೆ ಬಿಡುವಿರುವುದು ಮೇ ತಿಂಗಳೊಂದೇ. ಹಾಗಾಗಿ ಮೇ ತಿಂಗಳ ಮತ್ಸ್ಯಗಂಧಾ ರೈಲಿನ ಟಿಕೆಟಿಗೆ ಇಲ್ಲಿನ ಕರಾವಳಿಯವರೆಲ್ಲ ಒಂದೇ ಸಲ ಮುಗಿಬೀಳುತ್ತಾರೆ. 2024ರ ನವೆಂಬರಿನಿಂದ ಮುಂಗಡ ಬುಕಿಂಗ್ 120 ದಿನದಿಂದ 60 ದಿನಕ್ಕೆ ಇಳಿದಿದೆ. ನೂಕುನುಗ್ಗಲು ಮಾತ್ರ ಏನೂ ಇಳಿದಿಲ್ಲ. ಮಾರ್ಚಿನ ಆ ಬೆಳಿಗ್ಗೆ ಎಂಟು ಗಂಟೆಗೆ ಇವರು ಲ್ಯಾಪ್‌ಟಾಪ್ ಹಿಡಿದು, ನಾನು ಮೊಬೈಲ್ ಹಿಡಿದು ಕೂತು, ಅಂತೂ ಥಾಣೆಯಿಂದ ಕುಂದಾಪುರಕ್ಕೆ ಥರ್ಡ್ ಎಸಿಯಲ್ಲಿ ಮೂರು ಬರ್ತ್ ಗಿಟ್ಟಿಸಿದೆವು. ಚಿಕ್ಕವನಿಗೆ ಇನ್ನೂ ಐದು ತುಂಬಿಲ್ಲ, ಟಿಕೆಟ್ ಬೇಡ. ಅವನು ರಾತ್ರಿಯಿಡೀ ನನ್ನ ಹೊಟ್ಟೆಯ ಮೇಲೆ ಕಾಲು ಹಾಕಿಕೊಂಡು ಮಲಗುವವನು.

2025ರ ಆ ಮೇ ತಿಂಗಳಿಗೆ ಇನ್ನೊಂದು ಕಾರಣವೂ ಇತ್ತು. ನಾದಿನಿ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಡಾಕ್ಟರು ಮೇ ಕೊನೆಗೆ ಡೇಟ್ ಕೊಟ್ಟಿದ್ದರು. ಮಗು ಹುಟ್ಟುವಾಗ ನಾವೆಲ್ಲ ಅಲ್ಲೇ ಇರಬೇಕು ಅಂತ ಅತ್ತೆಯ ಆಸೆ. ನಮ್ಮದೂ ಅದೇ.

ಹೊರಡುವುದಕ್ಕೆ ಮೂರ್ನಾಲ್ಕು ದಿನ ಇರುವಾಗ ಮಗಳು ಸ್ನಾನ ಮುಗಿಸಿ ಬಂದು, "ಅಮ್ಮಾ, ಬೆನ್ನಿಗೆ ಏನೋ ಕಚ್ಚಿದೆ" ಅಂದಳು. ಡೊಂಬಿವಲಿಯಲ್ಲಿ ಸೊಳ್ಳೆ ಕಚ್ಚುವುದು ಸುದ್ದಿಯೇ ಅಲ್ಲ. ಎಣ್ಣೆ ಹಚ್ಚಿ ಬಿಟ್ಟೆ. ಸಂಜೆಗೆ ಹೊಟ್ಟೆಯ ಮೇಲೂ ಎದ್ದವು. ಕೆಂಪು ಚುಕ್ಕಿಯ ನಡುವೆ ನೀರು ತುಂಬಿದ ಸಣ್ಣ ಗುಳ್ಳೆ, ಬೆಳಕಿಗೆ ಹಿಡಿದರೆ ಫಳಕ್ ಅನ್ನುತ್ತಿತ್ತು. ಮೈ ಬೆಚ್ಚಗಿತ್ತು. ಎದುರು ಮನೆಯ ಕಾಕು ಬಾಗಿಲಲ್ಲೇ ನಿಂತು ಒಂದು ಸಲ ನೋಡಿ, "ಕಾಂಜಿಣ್ಯಾ" ಅಂದರು. ಅಂದವರೇ ಮೊಮ್ಮಗನನ್ನು ಒಳಗೆ ಎಳೆದುಕೊಂಡು ಕದ ಹಾಕಿದರು. ನನಗೇನೂ ಬೇಜಾರಾಗಲಿಲ್ಲ, ಅವರು ಮಾಡಿದ್ದೇ ಸರಿ.

ಮಕ್ಕಳ ಡಾಕ್ಟರು ಕೂಡ ಚಿಕನ್‌ಪಾಕ್ಸ್ ಅಂತಲೇ ಹೇಳಿದರು. ಬೇರೆ ಮಕ್ಕಳಿಗೆ ತಾಗಬಾರದು ಅಂತ ನಮ್ಮನ್ನು ಕ್ಲಿನಿಕ್ಕಿನ ಒಳಗೇ ಕೂರಿಸಲಿಲ್ಲ, ಹಿಂದಿನ ಬಾಗಿಲಿಂದ ಕರೆದು ನೋಡಿದರು. ಮಗಳಿಗೆ ಚಿಕ್ಕವಳಿರುವಾಗ ಒಂದು ಡೋಸ್ ಲಸಿಕೆ ಆಗಿತ್ತು. ಎರಡನೆಯದರ ಹೊತ್ತಿಗೆ ಕೊರೊನಾ ಕಾಲ, ಅದು ಹಾಗೇ ಉಳಿದಿತ್ತು. ಒಂದು ಡೋಸ್ ಆದರೂ ಆಗಿದ್ದಕ್ಕೇ ಗುಳ್ಳೆ ಇಷ್ಟು ಕಡಿಮೆ, ಲಸಿಕೆಯೇ ಆಗದ ಮಕ್ಕಳಿಗೆ ಮುನ್ನೂರು ನಾಲ್ಕುನೂರು ಏಳುವುದೂ ಉಂಟು ಅಂದರು. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ಆಸ್ಪಿರಿನ್ ಕೂಡದು, ಐಬುಪ್ರೊಫೆನ್ ಕೂಡ ಬೇಡ. ಮಗಳನ್ನು ತಕ್ಕಡಿ ಮೇಲೆ ನಿಲ್ಲಿಸಿದರು. 22 ಕಿಲೋ. ಕಿಲೋಗೆ 15 ಮಿಲಿಗ್ರಾಂ ಲೆಕ್ಕದಲ್ಲಿ, ಐದು ಎಂ.ಎಲ್.ಗೆ 250 ಮಿಲಿಗ್ರಾಂ ಇರುವ ಸಿರಪ್ಪಾದರೆ ಆರೂವರೆ ಎಂ.ಎಲ್. ಅಂತ ಚೀಟಿಯಲ್ಲಿ ಬರೆದರು. ತುರಿಕೆಗೆ ಕ್ಯಾಲಮೈನ್. ಉಗುರು ಇವತ್ತೇ ಕತ್ತರಿಸಿ ಅಂದರು. ಗುಳ್ಳೆಯಿಂದ ಕಲೆ ಉಳಿಯುವುದು ಕಡಿಮೆ, ಕೆರೆದು ಕೀವಾದರೆ ಉಳಿಯುವುದು ಜಾಸ್ತಿಯಂತೆ. ಸ್ನಾನ ದಿನಾ ಮಾಡಿಸಿ, ಉಗುರುಬೆಚ್ಚಗಿನ ನೀರಲ್ಲಿ.

ಕೊನೆಗೆ ನಾನು ಊರಿನ ಸುದ್ದಿ ಎತ್ತಿದೆ. ಮನೆಯಲ್ಲಿ ತುಂಬು ಬಸುರಿ ಇದ್ದಾಳೆ ಅಂದಕೂಡಲೇ ಡಾಕ್ಟರು ಪೆನ್ನು ಕೆಳಗಿಟ್ಟರು. "ಅವರಿಗೆ ಸಣ್ಣವರಿರುವಾಗ ಬಂದಿತ್ತಾ?" ಗೊತ್ತಿಲ್ಲ. "ಡೇಟ್ ಯಾವಾಗ?" ಹೇಳಿದೆ. ಅವರು ಗೋಡೆಯ ಕ್ಯಾಲೆಂಡರಿನ ಹತ್ತಿರ ಹೋಗಿ ಬೆರಳಲ್ಲಿ ಎಣಿಸಿದರು. ಇದು ತಾಗಿದ ಮೇಲೆ ಗುಳ್ಳೆ ಏಳುವುದಕ್ಕೆ 10ರಿಂದ 21 ದಿನ ಬೇಕು. ಈಗ ತಾಗಿದರೆ ಬೆರಳು ಬಂದು ನಿಲ್ಲುವುದು ಸರಿಯಾಗಿ ಹೆರಿಗೆಯ ವಾರಕ್ಕೆ. ಹೆರಿಗೆಗೆ ಐದು ದಿನ ಮೊದಲಿಂದ ಹಿಡಿದು ಎರಡು ದಿನ ಆಮೇಲಿನವರೆಗೆ ತಾಯಿಗೆ ಗುಳ್ಳೆ ಎದ್ದರೆ, ಹುಟ್ಟಿದ ಕೂಸಿಗೆ ಬಹಳ ಅಪಾಯ. ಬಸುರಿಗೂ ಅಷ್ಟೇ, ನ್ಯುಮೋನಿಯಾ ಆಗಬಹುದು. ಲಸಿಕೆ ಕೊಡೋಣ ಅಂದರೆ ಅದು ಜೀವಂತ ವೈರಸ್ಸಿನ ಲಸಿಕೆ, ಬಸುರಿಯರಿಗೆ ಕೊಡುವ ಹಾಗಿಲ್ಲ.

ರಾತ್ರಿ ಊರಿಗೆ ಫೋನ್ ಮಾಡಿದಾಗ ಅತ್ತೆ ಒಂದು ಚೂರೂ ಗಾಬರಿಯಾಗಲಿಲ್ಲ. "ಎಂತ ಆತಿಲ್ಲೆ ಮಾರಾಯ್ತಿ, ಕರ್ಕಂಡ್ ಬಾ. ಬೇವಿನ ಸೊಪ್ಪ್ ಇಲ್ಲ್ ಬೇಕಾದಷ್ಟ್ ಇತ್ತ್" ಅಂದರು. ನಾದಿನಿಗೆ ಸಣ್ಣವಳಿರುವಾಗ ಅಮ್ಮ ಬಂದು ಹೋಗಿದೆ, ಗದ್ದೆ ನಾಟಿಯ ಸಮಯ, ನನಗೆ ಚೆನ್ನಾಗಿ ನೆನಪಿದೆ ಅಂತ ಪಟ್ಟು ಹಿಡಿದರು. ಮಾವ ಹಿಂದಿನಿಂದ, "ಅದು ಇವಳಿಗಲ್ಲ, ತಮ್ಮನಿಗೆ" ಅಂದರು. ಫೋನಿನಲ್ಲೇ ಇಬ್ಬರಿಗೂ ವಾದ ಶುರುವಾಯಿತು. ನಾದಿನಿಯೇ ಫೋನ್ ಕಸಿದುಕೊಂಡು, "ಅತ್ತಿಗೆ, ಇದಕ್ಕೆ ಏನಾದ್ರೂ ಟೆಸ್ಟ್ ಇದ್ಯಾ?" ಅಂದಳು. ಇದೆ. ರಕ್ತದಲ್ಲಿ ಈ ವೈರಸ್ಸಿನ ವಿರುದ್ಧದ ಪ್ರತಿಕಾಯ ಇದೆಯಾ ಇಲ್ಲವಾ ಅಂತ ನೋಡುವ ಐಜಿಜಿ ಟೆಸ್ಟ್. ಮರುದಿನವೇ ಹೋಗಿ ಕೊಟ್ಟು ಬಂದಳು. ರಿಪೋರ್ಟ್ ಪಾಸಿಟಿವ್, ಅಂದರೆ ಒಳ್ಳೆಯ ಸುದ್ದಿ. ಅವಳಿಗೆ ಹಿಂದೆ ಆಗಿ ಹೋಗಿದೆ, ತಾಯಿಯಿಂದ ಕೂಸಿಗೂ ಆ ರಕ್ಷಣೆ ಸಿಗುತ್ತದೆ. ಅತ್ತೆಯ ನೆನಪೇ ಗೆದ್ದಿತು. ಅದನ್ನು ಅವರು ಇಂದಿಗೂ ಮಾವನಿಗೆ ಹೇಳಿ ತೋರಿಸುತ್ತಾರೆ.

ಅಲ್ಲಿಂದ ನಿಜವಾದ ಒತ್ತಾಯ ಶುರು. ಈಗೇನು ತೊಂದರೆ? ಬಸುರಿಗೆ ಭಯವಿಲ್ಲ, ಊರಲ್ಲಿರುವ ಮೈದುನನ ಮಕ್ಕಳಿಗೆ ಒಂದೆರಡು ವರ್ಷದ ಹಿಂದೆ ಆಗಿ ಹೋಗಿದೆ, ಟಿಕೆಟ್ ಕನ್ಫರ್ಮ್ ಇದೆ. ಇವರಿಗೂ ಮನಸ್ಸಿತ್ತು. ಮನೆಯಲ್ಲಿ ಎಂಟು ವರ್ಷದ ಹುಡುಗಿ ಬ್ಯಾಗಿನ ಪಕ್ಕ ಕೂತು ಅಳುತ್ತಿದ್ದರೆ ಯಾವ ಅಪ್ಪನಿಗೆ ತಡೆದುಕೊಳ್ಳಲು ಆಗುತ್ತದೆ? ಸಂಬಂಧಿಕರೊಬ್ಬರು ಸಲಹೆಯನ್ನೂ ಕೊಟ್ಟರು. ಪೂರ್ತಿ ತೋಳಿನ ಅಂಗಿ ಹಾಕಿ, ಮೇಲಿನ ಬರ್ತಿನಲ್ಲಿ ಮಲಗಿಸಿ, ಹೊದಿಕೆ ಎಳೆದುಬಿಡಿ, ಯಾರಿಗೂ ಗೊತ್ತಾಗುವುದಿಲ್ಲ. ಗೊತ್ತಾಗುವುದಿಲ್ಲ ಅನ್ನುವುದೇ ನನಗೆ ಕಿರಿಕಿರಿಯಾದದ್ದು. ಎಸಿ ಬೋಗಿ ಅಂದರೆ ಕಿಟಕಿ ತೆರೆಯದ ಡಬ್ಬ. ಒಂದು ಬೋಗಿಯಲ್ಲಿ 72 ಬರ್ತ್. ಈ ಕಾಯಿಲೆ ಗಾಳಿಯಲ್ಲೇ ಹರಡುತ್ತದೆ, ಮುಟ್ಟಬೇಕೆಂದೇನೂ ಇಲ್ಲ. ನಾವು ಹೊರಡುವ ದಿನ ಮಗಳ ಗುಳ್ಳೆ ಇನ್ನೂ ಹಸಿ. ಎಲ್ಲ ಒಣಗಿ ಹೆಕ್ಕಳೆ ಕಟ್ಟುವವರೆಗೂ ಹರಡುತ್ತದೆ ಅಂತ ಡಾಕ್ಟರು ಹೇಳಿದ್ದು ನನ್ನ ಕಿವಿಯಲ್ಲೇ ಇತ್ತು. ಮೇ ತಿಂಗಳ ಆ ರೈಲಿನಲ್ಲಿ ಯಾರು ಹೋಗುತ್ತಾರೆ ಅಂತ ನನಗೆ ಗೊತ್ತಿಲ್ಲವಾ? ಹೆರಿಗೆಗೆ ತವರಿಗೆ ಹೊರಟವರು, ತಿಂಗಳ ಕೂಸು ಹಿಡಿದುಕೊಂಡವರು, ಟಾಟಾ ಆಸ್ಪತ್ರೆಯಲ್ಲಿ ಕೀಮೋ ಮುಗಿಸಿ ಊರಿಗೆ ಮರಳುವವರು. ಚಿಕ್ಕವನು ಹೊಟ್ಟೆಯಲ್ಲಿದ್ದಾಗ ನಾನೂ ಅದೇ ಗಾಡಿಯಲ್ಲಿ ಹೋದವಳು.

ಇವರಿಗೆ ಅಷ್ಟೇ ಹೇಳಿದೆ. "ನಿಮ್ಮ ತಂಗಿಯ ರಿಪೋರ್ಟ್ ನಮ್ಮ ಕೈಯಲ್ಲಿದೆ. ಪಕ್ಕದ ಬರ್ತಿನವರ ರಿಪೋರ್ಟ್ ಯಾರ ಹತ್ತಿರ ಇದೆ?"

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಲ್ಯಾಪ್‌ಟಾಪ್ ತೆಗೆದು ಟಿಕೆಟ್ ಕ್ಯಾನ್ಸಲ್ ಮಾಡಿದರು. ಎರಡು ದಿನ ಊರಿನ ಫೋನ್ ಬರಲಿಲ್ಲ. ಬಂದಾಗಲೂ ಮಗಳ ಜೊತೆ ಮಾತ್ರ ಮಾತು.

ಇನ್ನು ಚಿಕ್ಕವನ ಕಥೆ. ಅಕ್ಕನ ಜೊತೆ ಒಂದೇ ತಟ್ಟೆ, ಒಂದೇ ಹಾಸಿಗೆ. ಗುಳ್ಳೆ ಏಳುವುದಕ್ಕೆ ಒಂದೆರಡು ದಿನ ಮೊದಲೇ ಹರಡಲು ಶುರುವಾಗುವ ಕಾಯಿಲೆ ಇದು. ಗೊತ್ತಾದ ಮೇಲೆ ಬೇರೆ ಕೋಣೆಯಲ್ಲಿ ಮಲಗಿಸಿ ಪ್ರಯೋಜನ ಕಡಿಮೆ, ಅದೂ ನಮ್ಮ ಒಂದು ಬೆಡ್‌ರೂಮಿನ ಮನೆಯಲ್ಲಿ. ಅವನಿಗೆ ಒಂದು ಡೋಸ್ ಆಗಿತ್ತು. ಸೋಂಕಿನ ಹತ್ತಿರ ಬಂದ ಮೂರರಿಂದ ಐದು ದಿನದ ಒಳಗೆ ಲಸಿಕೆ ಕೊಟ್ಟರೆ ಕಾಯಿಲೆ ತಪ್ಪಬಹುದು, ಬಂದರೂ ಹಗುರಾಗಿ ಹೋಗಬಹುದು ಅಂತ ಡಾಕ್ಟರು ಆವತ್ತೇ ಎರಡನೆಯದನ್ನು ಚುಚ್ಚಿದರು. ಆದರೂ 21 ದಿನ ಕಾಯಿರಿ ಅಂದರು. ಅಂದರೆ ಮಗಳು ಹುಷಾರಾದರೂ ಇವನ ಕಾರಣಕ್ಕೆ ಮೇ ತಿಂಗಳು ಪೂರ್ತಿ ಮನೆಯಲ್ಲೇ.

ಮಗಳ ತುರಿಕೆ ಮೊದಲ ನಾಲ್ಕು ರಾತ್ರಿ ಜೋರಿತ್ತು. ಡೊಂಬಿವಲಿಯ ಸೆಖೆ ಬೇರೆ. ಬೆವರು ತಾಗಿದಲ್ಲೆಲ್ಲ ಉರಿ. ಹಳೆಯ ಕಾಟನ್ ಸೀರೆ ಹಾಸಿ, ಫ್ಯಾನ್ ಕೆಳಗೆ ಮಲಗಿಸಿ, ಅವಳ ಎರಡೂ ಕೈ ನನ್ನ ಕೈಯಲ್ಲಿ ಹಿಡಿದುಕೊಂಡು ಕೂರುತ್ತಿದ್ದೆ. ಕ್ಯಾಲಮೈನ್ ಹಚ್ಚಿದ ಮುಖ ಯಕ್ಷಗಾನದ ಚೌಕಿಯಲ್ಲಿ ಅರ್ಧ ಬಣ್ಣ ಹಾಕಿ ಎದ್ದು ಬಂದವರ ಹಾಗೆ ಕಾಣುತ್ತಿತ್ತು. ಹಗಲಲ್ಲಿ ವಿಡಿಯೋ ಕಾಲ್. ಆ ಕಡೆ ಮೈದುನನ ಮಕ್ಕಳು ಮಾವಿನಹಣ್ಣು ತೋರಿಸಿ ಆಸೆ ಹುಟ್ಟಿಸುವುದು, ಈ ಕಡೆ ಇವಳು ಗುಳ್ಳೆ ತೋರಿಸಿ ಜಂಬ ಕೊಚ್ಚುವುದು. ಅವರಿಗೆ ಬಂದಾಗ ಎಷ್ಟಿತ್ತು, ಇವಳಿಗೆ ಎಷ್ಟು ಅಂತ ಪೈಪೋಟಿ. ಇವಳು ಸೋತಳು. ಅದಕ್ಕೂ ಅತ್ತಳು.

ಬೇವಿನ ಸೊಪ್ಪನ್ನು ನಾನು ಬೇಡ ಅನ್ನಲಿಲ್ಲ. ಕಾಕು ಬಾಗಿಲ ಹೊರಗೆ ಒಂದು ಕಟ್ಟು ಇಟ್ಟು ಹೋಗಿದ್ದರು, ಹಾಸಿಗೆಯ ಪಕ್ಕ ಇಟ್ಟೆ. ಆದರೆ ಅಮ್ಮ ಇಳಿಯುವವರೆಗೆ ಮೈಗೆ ನೀರು ಹಾಕಬಾರದು ಅನ್ನುವ ಮಾತನ್ನು ಕೇಳಲಿಲ್ಲ. ಆ ಸೆಖೆಯಲ್ಲಿ ಸ್ನಾನವಿಲ್ಲದೆ ಮಗು ಮಲಗುವುದಾದರೂ ಹೇಗೆ?

ಮಗಳಿಗಿಂತ ನನ್ನನ್ನು ಜಾಸ್ತಿ ಕಾಡಿಸಿದ್ದು ಚಿಕ್ಕವನ ಹೊಟ್ಟೆ. ದಿನಾ ಬೆಳಿಗ್ಗೆ ಕಿಟಕಿಯ ಹತ್ತಿರ ನಿಲ್ಲಿಸಿ ಹಿಂದೆ ಮುಂದೆ ತಪಾಸಣೆ. ಸೊಳ್ಳೆ ಕಚ್ಚಿದ್ದಾ, ಬೆವರುಸಾಲೆಯಾ, ಅದೇನಾ? ಅನುಮಾನ ಬಂದಲ್ಲೆಲ್ಲ ಬಾಲ್‌ಪೆನ್ನಿನಲ್ಲಿ ಸುತ್ತಲೂ ಗೆರೆ ಎಳೆಯುತ್ತಿದ್ದೆ. ಸಂಜೆಗೆ ನೀರು ತುಂಬಿದರೆ ಅದು, ಆರಿದರೆ ಸೊಳ್ಳೆ. ಒಂದು ದಿನ ಅವನ ಬೆನ್ನಿನ ಮೇಲೆ ಆರೇಳು ನೀಲಿ ಸೊನ್ನೆಗಳಿದ್ದವು. ಅವನಿಗೆ ಇದೆಲ್ಲ ಭಾರಿ ಖುಷಿ. ಹಾಲಿನವನು ಬಂದರೂ ಅಂಗಿ ಎತ್ತಿ ಹೊಟ್ಟೆ ತೋರಿಸುವುದು. ಮೂರು ವಾರ ಕಳೆದರೂ ಒಂದು ಗುಳ್ಳೆಯೂ ಏಳಲಿಲ್ಲ.

ಅಷ್ಟರಲ್ಲಿ ಮಳೆಯೇ ಬಂದುಬಿಟ್ಟಿತ್ತು. ಆ ವರ್ಷ ಮುಂಗಾರು ಮೇ 26ಕ್ಕೇ ಮುಂಬೈ ತಲುಪಿತ್ತು, ಸಾಮಾನ್ಯವಾಗಿ ಜೂನ್ 11ರ ಸುಮಾರಿಗೆ ಬರುವುದು. ನಾದಿನಿಗೆ ಹೆಣ್ಣುಮಗು ಹುಟ್ಟಿತು, ಫೋಟೋ ಬಂತು, ಅತ್ತೆ ನನ್ನ ಜೊತೆಗೂ ಮಾತಾಡಿದರು. ಜೂನಿನಲ್ಲಿ ಊರಿನ ಕಡೆ ಹೋಗುವ ಟಿಕೆಟ್ ಸಿಗುವುದು ಕಷ್ಟವಲ್ಲ. ಆಗ ಎಲ್ಲರೂ ಮುಂಬೈ ಕಡೆಗೇ ವಾಪಸ್ ಬರುವವರು.

ಹೊರಟೆವು. ಪನ್ವೇಲ್ ದಾಟುವಷ್ಟರಲ್ಲಿ ಮಗಳು ಪಕ್ಕದ ಬರ್ತಿನ ಆಂಟಿಗೆ ತನ್ನ ಕಾಯಿಲೆಯ ಕಥೆಯನ್ನೆಲ್ಲ ಹೇಳಿ ಮುಗಿಸಿದ್ದಳು. ಆ ಹೆಂಗಸು ನನ್ನ ಮುಖ ನೋಡಿದರು. "ಎಲ್ಲ ಒಣಗಿ ವಾರಗಳೇ ಆಗಿವೆ, ಹೆದರಬೇಡಿ" ಅಂದೆ. ಅವರು ನಕ್ಕರು, ಆದರೂ ಚೀಲವನ್ನು ಸ್ವಲ್ಪ ಆಚೆ ಸರಿಸಿಕೊಂಡರು.

ಊರಿನಲ್ಲಿ ಮೈದುನನ ಮಕ್ಕಳಿಗೆ ಶಾಲೆ ಶುರುವಾಗಿತ್ತು. ಅವರು ಕೊಡೆ ಹಿಡಿದು ಬೆಳಿಗ್ಗೆ ಹೋದರೆ ಬರುವುದು ಸಂಜೆ. ನಮ್ಮವರು ಜಗಲಿಯಲ್ಲಿ ಕೂತು ನಾಲ್ಕು ಗಂಟೆ ಆಗುವುದನ್ನೇ ಕಾಯುವುದು. ಹಲಸಿನ ಹಣ್ಣು ಮಳೆಗೆ ಸಪ್ಪೆಯಾಗಿತ್ತು. ಕೂಸು ಮಾತ್ರ ಚೆನ್ನಾಗಿತ್ತು. ನಾದಿನಿ ಲಸಿಕೆಯ ಕಾರ್ಡ್ ತಂದು ನನ್ನ ಮುಂದೆ ಹಿಡಿದು, ಚಿಕನ್‌ಪಾಕ್ಸಿನದ್ದು ಇದರಲ್ಲಿ ಎಲ್ಲಿದೆ ಅಂತ ಕೇಳಿದಳು. ಸರ್ಕಾರದ ಉಚಿತ ಲಸಿಕೆಗಳಲ್ಲಿ ಅದಿಲ್ಲ, ಖಾಸಗಿಯಾಗಿ ದುಡ್ಡು ಕೊಟ್ಟು ಹಾಕಿಸಬೇಕು, ಮೊದಲನೆಯದು 15 ತಿಂಗಳಿಗೆ ಅಂದೆ. ಕಾರ್ಡಿನ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಂಡಳು.

ಹೊರಡುವ ದಿನ ಅತ್ತೆ ಹಪ್ಪಳದ ಕಟ್ಟು ಕೊಡುತ್ತಾ, "ಈ ಸಲ ಮಕ್ಕಳಿಗೆ ಸರಿಯಾಗಿ ಆಟವೇ ಆಗಲಿಲ್ಲ, ದಸರಾ ರಜೆಗೆ ಬಂದುಬಿಡಿ" ಅಂದರು. ಇವರು ಅಲ್ಲೇ ನಿಂತು ಮೊಬೈಲ್ ತೆಗೆದರು. ಊರಿನ ಶಾಲೆಗೆ ದೊಡ್ಡ ರಜೆ ದಸರಾಕ್ಕೆ. ನಮ್ಮವರಿಗೆ ಸಿಗುವುದು ದೀಪಾವಳಿಗೆ.