ತಪ್ಪು ಉತ್ತರಕ್ಕೂ ಒಂದು ಲೆಕ್ಕ ಇರುತ್ತದೆ

ಎರಡನೇ ಕ್ಲಾಸಿನ ಮಕ್ಕಳಿಗೆ ‘ಇಪ್ಪತ್ತೈದು ಬರೀರಿ’ ಅಂದರೆ ಕೆಲವರು 205 ಅಂತ ಬರೆಯುತ್ತಾರೆ. ಹೊಸದಾಗಿ ಕೆಲಸಕ್ಕೆ ಸೇರಿದ ಟೀಚರುಗಳು ಇದನ್ನು ನೋಡಿ ಗಾಬರಿಯಾಗುತ್ತಾರೆ. ನೂರರ ಮೇಲೆ ಏನೂ ಹೇಳಿಕೊಟ್ಟೇ ಇಲ್ಲ, ಇದೆಲ್ಲಿಂದ ಬಂತು ಅಂತ. ಮಗು ಕಿವಿಗೆ ಬಿದ್ದದ್ದನ್ನೇ ಬರೆದಿದೆ. ಮೊದಲು ಇಪ್ಪತ್ತು, ಆಮೇಲೆ ಐದು. 20 ಬರೆದು ಪಕ್ಕದಲ್ಲಿ 5 ಇಟ್ಟಿತು, ಅಷ್ಟೆ.

ನಾನು ಸಕಲೇಶಪುರ ತಾಲ್ಲೂಕಿನಲ್ಲಿ, ಕಾಫಿ ತೋಟಗಳ ನಡುವೆ ಇರುವ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ನಲಿಕಲಿ ಟೀಚರು. ನಲಿಕಲಿ ಅಂದರೆ ಮಕ್ಕಳು ಚಟುವಟಿಕೆ ಮಾಡುತ್ತಾ ನಲಿಯುತ್ತಾ ಕಲಿಯುವ ಪದ್ಧತಿ. ಒಂದು, ಎರಡು, ಮೂರು, ಮೂರೂ ಕ್ಲಾಸು ಒಂದೇ ಕೋಣೆಯಲ್ಲಿ. ತರಬೇತಿಗೆ ಹೋದಾಗಲೆಲ್ಲ ಹೊಸಬರು ಕೇಳುವುದು ಒಂದೇ: ‘ಮೇಡಂ, ಎರಡನೇ ಕ್ಲಾಸಿಗೆ ಒಳ್ಳೆ ಚಟುವಟಿಕೆ ಹೇಳಿ.’ ಚಟುವಟಿಕೆಗೇನು ಬರ ಇಲ್ಲ. ನಲಿಕಲಿ ಕಾರ್ಡುಗಳಲ್ಲಿದೆ, ಕೈಪಿಡಿಯಲ್ಲಿದೆ, ಯೂಟ್ಯೂಬ್ ತುಂಬ ಇದೆ. ನಾನು ಹೇಳುವುದು ಬೇರೆ. ತಪ್ಪು ಉತ್ತರ ಕಂಡ ಕೂಡಲೇ ಕೆಂಪು ಪೆನ್ನು ತೆಗೆಯಬೇಡಿ. ‘ಹೇಗೆ ಮಾಡ್ದೆ, ಹೇಳು ಪುಟ್ಟ’ ಅಂತ ಕೇಳಿ, ಸ್ವಲ್ಪ ಸುಮ್ಮನಿರಿ.

205 ಬರೆದ ಮಗುವಿಗೆ ‘ತಪ್ಪು, 25 ಅಂತ ಬರಿ’ ಅಂದರೆ ಅದು 25 ಬರೆಯುತ್ತದೆ. ಮೂವತ್ತೇಳು ಅಂದರೆ ಮತ್ತೆ 307. ಯಾಕಂದರೆ ಅದರ ತಲೆಯಲ್ಲಿರುವ ಲೆಕ್ಕ ಹಾಗೇ ಇದೆ. ನಾನು ಮಾಡುವುದು ಇಷ್ಟು. ಪೊರಕೆ ಕಡ್ಡಿಗಳನ್ನು ಹತ್ತು ಹತ್ತು ಸೇರಿಸಿ ರಬ್ಬರ್ ಬ್ಯಾಂಡ್ ಹಾಕಿದ ಕಟ್ಟುಗಳಿವೆ. ‘205 ಅಂತ ಬರ್ದಿದ್ದೀಯಲ್ಲ, ಕಡ್ಡಿಯಲ್ಲಿ ತೋರಿಸು’ ಅನ್ನುತ್ತೇನೆ. ಮಗು ಎರಡು ಕಟ್ಟು ಇಡುತ್ತದೆ, ಐದು ಬಿಡಿ ಕಡ್ಡಿ ಇಡುತ್ತದೆ. ಈಗ ಕೇಳಬೇಕು: ‘ನಿನ್ನ 2 ಎಲ್ಲಿದೆ? 5 ಎಲ್ಲಿದೆ? ನಡುವಿನ ಸೊನ್ನೆ ಎಲ್ಲಿ?’ ಹುಡುಕುತ್ತದೆ. ಕಡ್ಡಿಯ ಕೆಳಗೂ ನೋಡುತ್ತದೆ! ಕೊನೆಗೆ ಒರೆಸುವುದು ಅದರ ಕೈಯೇ. ಎಲ್ಲರಿಗೂ ಒಂದೇ ಸಲಕ್ಕೆ ಕೂರುತ್ತದೆ ಅಂತಲ್ಲ. ಕೆಲವರಿಗೆ ವಾರ ಬೇಕು.

ಇದೇ ಲೆಕ್ಕದಲ್ಲಿ ಇನ್ನೊಂದು ತರಹದವರಿದ್ದಾರೆ. ಇಪ್ಪತ್ತೈದಕ್ಕೆ 52 ಬರೆಯುವವರು. ತೋಟದ ಕೆಲಸಕ್ಕೆ ಉತ್ತರದ ರಾಜ್ಯಗಳಿಂದ ಬಂದ ಕುಟುಂಬಗಳ ಮಕ್ಕಳಲ್ಲಿ ಇದು ಕಾಣುತ್ತದೆ. ಮನೆಯಲ್ಲಿ ಹಿಂದಿಯಲ್ಲಿ ಎಣಿಸುತ್ತಾರೆ. ಪಚ್ಚೀಸ್ ಅನ್ನುವಾಗ ಐದು ಮೊದಲು ಕೇಳಿಸುತ್ತದೆ, ಇಪ್ಪತ್ತು ಆಮೇಲೆ. ಅಂಥ ಮಗುವನ್ನು 205ರವರ ಜೊತೆ ಕೂರಿಸಿದರೆ ಏನೂ ಉಪಯೋಗವಿಲ್ಲ. ಉತ್ತರ ಎರಡೂ ತಪ್ಪೇ, ಔಷಧಿ ಬೇರೆ ಬೇರೆ.

ಕಳೆಯುವ ಲೆಕ್ಕಕ್ಕೆ ಬನ್ನಿ. 42ರಲ್ಲಿ 17 ಕಳೆ ಅಂದರೆ 35 ಬರೆಯುವವರು ಪ್ರತಿ ವರ್ಷ ಇರುತ್ತಾರೆ. ಒಬ್ಬನನ್ನು ಕೇಳಿದೆ. ‘ಎರಡರಲ್ಲಿ ಏಳು ಹೋಗಲ್ಲ ಮಿಸ್. ಅದ್ಕೆ ಏಳರಲ್ಲಿ ಎರಡು ತೆಗ್ದೆ’ ಅಂದ. ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಬೇಕು ಅಂತ ಒಂದನೇ ಕ್ಲಾಸಿನಿಂದ ಕೇಳಿಕೊಂಡು ಬಂದಿದ್ದಾನೆ. ಆ ಮಾತನ್ನು ಅವನು ಪಾಲಿಸಿದ, ಅಲ್ವಾ?

ಇಲ್ಲಿ ಎಲ್ಲರೂ ಹೇಳುವುದು ‘ಪಕ್ಕದ ಮನೆಯಿಂದ ಸಾಲ ತಗೋ’. ನನಗೆ ಈ ಮಾತು ಸೇರುವುದಿಲ್ಲ. ಒಂದು ಹುಡುಗಿ ‘ಸಾಲ ವಾಪಸ್ ಯಾವಾಗ ಕೊಡೋದು ಮಿಸ್?’ ಅಂದಳು. ತೋಟದ ಕೆಲಸದವರ ಲೈನ್ ಮನೆಗಳ ಮಕ್ಕಳಿಗೆ ಸಾಲ ಅಂದರೇನು ಅಂತ ನಮಗಿಂತ ಚೆನ್ನಾಗಿ ಗೊತ್ತು. ಅಲ್ಲಿ ನಡೆಯುವುದು ಸಾಲವೂ ಅಲ್ಲ. ಒಂದು ಕಟ್ಟು ಬಿಚ್ಚಿ ಬಿಡಿ ಮಾಡುವುದು, ಅಷ್ಟೆ.

ಇದನ್ನು ತೋರಿಸಲು ಅಂಗಡಿ ಆಟಕ್ಕಿಂತ ಒಳ್ಳೆಯದು ನಾನು ಕಂಡಿಲ್ಲ. ರಟ್ಟಿನ ಹತ್ತು ರೂಪಾಯಿ ನೋಟು ನಾಲ್ಕು, ಒಂದು ರೂಪಾಯಿ ನಾಣ್ಯ ಎರಡು. ಸಾಮಾನು ಹದಿನೇಳು ರೂಪಾಯಿದು. ಮಗು ಒಂದು ನೋಟು ಕೊಟ್ಟು, ಇನ್ನು ಏಳು ಕೊಡಲು ಹೋದರೆ ಕೈಯಲ್ಲಿ ಎರಡೇ ನಾಣ್ಯ. ಆಗ ತಾನೇ ‘ಚಿಲ್ಲರೆ ಕೊಡಿ’ ಅನ್ನುತ್ತದೆ. ಆ ಕ್ಷಣದಲ್ಲಿ ಕರಿಹಲಗೆಯ 42 – 17 ತೋರಿಸಿ. ಇಂಥವರಲ್ಲಿ ಬಹಳಷ್ಟು ಮಕ್ಕಳಿಗೆ ಲೆಕ್ಕ ಬರುತ್ತದೆ, ಬರವಣಿಗೆಯಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಕಾಫಿ ಹಣ್ಣು ಕುಯ್ಯುವ ಕಾಲದಲ್ಲಿ ಅಪ್ಪ ಅಮ್ಮ ಕುಯ್ದದ್ದನ್ನು ತೋಟದ ಲೆಕ್ಕ ಬರೆಯುವ ರೈಟರ್ ತೂಕ ಹಾಕಿ ಬರೆದುಕೊಳ್ಳುವಾಗ ಪಕ್ಕದಲ್ಲಿ ನಿಂತು ನೋಡಿದ ಮಕ್ಕಳು ಇವರು.

ಒಂದು ಸಲ ಆಟಕ್ಕೆ ನಿಜವಾದ ಹತ್ತು ರೂಪಾಯಿ ನಾಣ್ಯ ಇಟ್ಟಿದ್ದೆ. ಅಂಗಡಿಯವನಾಗಿದ್ದ ಹುಡುಗ ಮುಟ್ಟಲೇ ಇಲ್ಲ. ‘ಇದು ನಡೆಯಲ್ಲ ಮಿಸ್, ನೋಟು ಕೊಡಿ.’ ರಿಸರ್ವ್ ಬ್ಯಾಂಕ್ ಎಷ್ಟು ಸಲ ಹೇಳಿದರೂ ನಮ್ಮ ಕಡೆಯ ಅಂಗಡಿಗಳು ಕೇಳಿಲ್ಲ, ಅವನು ತಾನೇ ಏನು ಮಾಡಿಯಾನು.

ಕನ್ನಡದಲ್ಲೂ ಇದೇ ಕಥೆ. ನಮ್ಮ ಮಕ್ಕಳು ಹಾಲಿಗೆ ‘ಆಲು’ ಅಂತ ಬರೆಯುತ್ತಾರೆ, ಹಾಸನಕ್ಕೆ ‘ಆಸ್ನ’. ಮನೆಯಲ್ಲಿ ಮಾತಾಡುವುದೇ ಹಾಗೆ, ಅದನ್ನೇ ಸರಿಯಾಗಿ ಬರೆದಿದ್ದಾರೆ. ಬರೀ ಗೆರೆ ಎಳೆದು ಬಿಟ್ಟರೆ ಮುಂದಿನ ವಾರ ಎಲ್ಲ ಕಡೆ ಹ ಸೇರಿಸುತ್ತಾರೆ, ಆನೆ ‘ಹಾನೆ’ ಆಗುತ್ತದೆ. ‘ನೀನು ಮಾತಾಡೋ ಹಾಗೆ ಬರ್ದಿದ್ದೀಯ, ಪುಸ್ತಕದಲ್ಲಿ ಹೇಗಿದೆ ನೋಡೋಣ’ ಅಂದರೆ ಮಗು ತಾನೇ ಹುಡುಕುತ್ತದೆ. ಮನೆ ಮಾತಿಗೂ ಅವಮಾನ ಆಗುವುದಿಲ್ಲ.

ಇಷ್ಟೆಲ್ಲ ಕೇಳುತ್ತಾ ಕೂರಲು ಸಮಯ ಎಲ್ಲಿದೆ ಅಂತ ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ಆದರೆ ನಲಿಕಲಿ ಇರುವುದೇ ಇದಕ್ಕೆ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ, ಆಂಧ್ರದ ರಿಷಿವ್ಯಾಲಿ ಶಾಲೆಯ ಪದ್ಧತಿಯನ್ನು ನೋಡಿ ಶುರುವಾದದ್ದು ಇದು. 2009-10ರಲ್ಲಿ ರಾಜ್ಯದ ಎಲ್ಲ ಕಡೆ ಬಂತು. ಮಕ್ಕಳು ಐದು ಗುಂಪಾಗಿ ಐದು ತಟ್ಟೆಗಳ ಸುತ್ತ ಕೂರುತ್ತಾರೆ, ಒಂದು ತಟ್ಟೆ ಅಂದರೆ ಒಂದು ಗುಂಪು. ಮೊದಲ ತಟ್ಟೆಗೆ ಟೀಚರು ಪೂರ್ತಿ ಬೇಕು, ಎರಡನೆಯದಕ್ಕೆ ಸ್ವಲ್ಪ. ಮೂರು, ನಾಲ್ಕರಲ್ಲಿ ಮಕ್ಕಳೇ ಒಬ್ಬರಿಗೊಬ್ಬರು ಹೇಳಿಕೊಡುತ್ತಾರೆ, ಐದರಲ್ಲಿ ತಾವೇ ಕಲಿಯುತ್ತಾರೆ. ಅಂದರೆ ನಾನು ಒಂದು ತಟ್ಟೆಯ ಹತ್ತಿರ ನೆಲದ ಮೇಲೆ ಕೂತು ಒಂದು ಮಗುವಿನ ಮಾತು ಕೇಳಬಹುದು, ಉಳಿದವರ ಕೆಲಸ ನಿಲ್ಲುವುದಿಲ್ಲ. ಗದ್ದಲ ಇರುತ್ತದೆ, ಇರಲಿ. ಈ ಅವಕಾಶವನ್ನು ಕಾರ್ಡು ಮುಗಿಸುವ ಓಟಕ್ಕೆ ಬಳಸಿಬಿಟ್ಟರೆ ಮಕ್ಕಳ ಕಲಿಕೆ ದಾಖಲಿಸುವ ಪ್ರಗತಿ ನೋಟದಲ್ಲಿ ಗುರುತು ಬೀಳುತ್ತದೆ, ಮಗು ಅಲ್ಲೇ ಇರುತ್ತದೆ.

ಮಳೆಗಾಲದಲ್ಲಿ ಇದು ಕಷ್ಟ, ಅದನ್ನೂ ಹೇಳಿಬಿಡುತ್ತೇನೆ. ಜುಲೈನಲ್ಲಿ ಮಳೆ ರಜೆ ಮೇಲೆ ರಜೆ, ಮಕ್ಕಳು ದಿನಾ ತುಂಬುವ ಹವಾಮಾನ ನಕ್ಷೆಯಲ್ಲಿ ಮೋಡ ಬಿಟ್ಟರೆ ಬೇರೆ ಚಿತ್ರ ಇಲ್ಲ. ಹೆಂಚಿನ ಮೇಲೆ ಮಳೆ ಬೀಳುವಾಗ ಪಕ್ಕದಲ್ಲಿ ಕೂತ ಮಗುವಿನ ಮಾತೂ ಕೇಳಿಸುವುದಿಲ್ಲ. ಆ ದಿನಗಳಲ್ಲಿ ಚಿತ್ರ, ಮಣ್ಣಿನ ಕೆಲಸ, ಕಡ್ಡಿ ಕಟ್ಟುವುದು ಮಾಡಿಸುತ್ತೇನೆ.

ಇನ್ನು ಅಪ್ಪ ಅಮ್ಮಂದಿರು. ‘ನೋಟ್ಸಿನಲ್ಲಿ ತಪ್ಪು ಹಾಗೇ ಇದೆ, ಟೀಚರು ನೋಡೇ ಇಲ್ಲ’ ಅನ್ನುತ್ತಾರೆ. ಅವರ ದೂರಿನಲ್ಲಿ ಅರ್ಥವಿದೆ. ಅದಕ್ಕೆ ತಪ್ಪಿನ ಪಕ್ಕ ಪೆನ್ಸಿಲಿನಲ್ಲಿ ಒಂದು ಕಿವಿ ಚಿತ್ರ ಹಾಕುತ್ತೇನೆ. ಕೇಳಿದ್ದೇನೆ, ಇನ್ನೂ ಕೆಲಸ ನಡೆಯುತ್ತಿದೆ ಅಂತ ಅರ್ಥ. ಸರಿ ಮಾಡಿದ ದಿನ ಮಗುವೇ ಅದನ್ನು ಒರೆಸುತ್ತದೆ. ಈಗ ಕೆಲವು ಮನೆಗಳಲ್ಲಿ ‘ಇವತ್ತು ಎಷ್ಟು ಕಿವಿ ಬಿತ್ತು?’ ಅಂತ ಕೇಳುತ್ತಾರಂತೆ. ಅದೂ ಒಂದು ಮಾರ್ಕ್ಸ್ ತರಹ ಆಗುತ್ತಿದೆಯಾ ಅಂತ ಸಣ್ಣ ಅನುಮಾನ ನನಗೆ. ಮುಂದಿನ ವರ್ಷ ಬೇರೆ ಏನಾದರೂ ನೋಡಬೇಕು.