ಕಿರುಬೆರಳಿನ 4 ಸೆಕೆಂಡ್

ನಿನ್ನೆ ಶೂಟ್ ಮಾಡಿದ ಮದುವೆಯ ಫುಟೇಜ್ ನೋಡುತ್ತಾ ಕೂತಿದ್ದೇನೆ. ವಧು-ವರ ಇಬ್ಬರಿಗೂ ಮಾತು ಕಡಿಮೆ. ಕ್ಯಾಮೆರಾ ಹತ್ತಿರ ಹೋದರೆ ಸಾಕು, ಮುಖ ಬಿಗಿಯಾಗುತ್ತಿತ್ತು. ಪೋಸ್ ಕೊಡಿಸುವುದನ್ನೇ ಬಿಟ್ಟೆ. ದೂರದ್ದನ್ನು ಹತ್ತಿರ ತೋರಿಸುವ 85 ಎಂಎಂ ಲೆನ್ಸ್ ಹಾಕಿಕೊಂಡು ದೂರದ ಮೂಲೆಯಲ್ಲಿ ಸುಮ್ನೆ ನಿಂತೆ. ಆಗ ಸಿಕ್ಕಿತು ನೋಡಿ! ಸುತ್ತ ಜನ ಮುತ್ತಿಕೊಂಡಿದ್ದಾಗ ಅವಳ ಕಿರುಬೆರಳು ಮೆಲ್ಲಗೆ ಅವನ ಕಿರುಬೆರಳನ್ನು ಹಿಡಿಯಿತು. ಬರೀ 4 ಸೆಕೆಂಡ್. ಸೆಕೆಂಡಿಗೆ 50 ಫ್ರೇಮ್‌ನಲ್ಲಿ ತೆಗೆದಿದ್ದೆ, ಸೆಕೆಂಡಿಗೆ 25ರಂತೆ ನಿಧಾನವಾಗಿ ಓಡಿಸಿದರೆ 8 ಸೆಕೆಂಡ್ ಆಗುತ್ತದೆ. ಅದಕ್ಕೆ ಹಾಡು ಹಾಕುವುದಿಲ್ಲ. ಆ ಗದ್ದಲ ಹಾಗೇ ಇರಲಿ, ಅದರ ನಡುವೆ ಇವರ ಮೌನ ಜಾಸ್ತಿ ಕೇಳಿಸುತ್ತದೆ ಅಲ್ವಾ?

ಕಳೆದ ತಿಂಗಳ ಜೋಡಿ ದಿನವಿಡೀ ಕುಣಿದಿತ್ತು, ನಾನೂ ಹಿಂದೆ ಓಡಿದ್ದೆ. ಅದೇ ಎಡಿಟ್ ಇವರಿಗೂ ಹೊಂದಿಸಲು ಮನಸ್ಸು ಒಪ್ಪುತ್ತಿಲ್ಲ. ಇವರ ಸಿನಿಮಾ ಆ ಬೆರಳುಗಳಿಂದಲೇ ಶುರು.