ಕಪ್ಪತಗುಡ್ಡದ ಹಣ್ಣು ಯಾರನ್ನು ಕರೆಯುತ್ತವೆ?

ಜನವರಿಯ ನಸುಕಿನಲ್ಲಿ ಗದಗ ಬಿಟ್ಟು ಡಂಬಳ ದಾಟಿ ಡೋಣಿ ಕಡೆ ಹೊರಳಿದರೆ ಕಪ್ಪತಗುಡ್ಡ. 2019ರಿಂದ ಇದು ವನ್ಯಧಾಮ. ಒಳಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು. ಬಿಸಿಲೇರಿದ ಮೇಲೆ ಹಕ್ಕಿಗಳು ನೆರಳು ಸೇರುತ್ತವೆ, ಹಾಗಾಗಿ ಯಾವ ಹಣ್ಣಿಗೆ ಯಾರು ಬರುತ್ತಾರೆಂದು ನೋಡಲು ಏಳರೊಳಗೆ ಪೊದೆಯಿಂದ 15 ಮೀಟರ್ ದೂರ ಅಲುಗದೆ ಕೂರಬೇಕು.

ಮೊದಲು ಲಂಟಾನ ನೋಡಿ. ಒಂದೇ ಗೊಂಚಲಲ್ಲಿ ಹಸಿರು, ಕಪ್ಪು ಎರಡೂ ಇರುತ್ತವೆ. ಪಿಕಳಾರ (ಬುಲ್‌ಬುಲ್) ಹಕ್ಕಿ ಕಪ್ಪನ್ನಷ್ಟೇ ಆರಿಸುತ್ತದೆ. ಬೆರಳಲ್ಲಿ ಒತ್ತಿದರೆ ಕಪ್ಪು ಹಣ್ಣು ರಸ ಬಿಡುತ್ತದೆ, ಹಸಿರು ಗಟ್ಟಿ, ವಿಷಕಾರಿ ಕೂಡ. ಬೀಜ ಬಲಿಯುವ ಮೊದಲೇ ಹಣ್ಣು ಹೋದರೆ ಗಿಡಕ್ಕೆ ನಷ್ಟ. ಅದಕ್ಕೇ ಬಣ್ಣ ತಡವಾಗಿ ತಿರುಗುತ್ತದೆ. ಹಕ್ಕಿ ಕೂತು ಹಿಕ್ಕೆ ಹಾಕುವ ಬೇಲಿಗುಂಟ ಲಂಟಾನ ದಟ್ಟವಾಗಿರುವುದು ಈ ವ್ಯವಹಾರದ ಫಲ. ಕಾಡಿಗೆ ಇದು ದೊಡ್ಡ ಪೀಡೆ.

ಬಾರಿಹಣ್ಣಿನ ದಾರಿ ಬೇರೆ. ಸಂಕ್ರಾಂತಿ ಹೊತ್ತಿಗೆ ಮಕ್ಕಳ ತಲೆಮೇಲೆ ಸುರಿದು ಕರಿ ಎರೆಯುವುದು ಇದರಿಂದಲೇ. ಗಿಡದ ಮೇಲಿದ್ದಾಗ ಹಕ್ಕಿಗೆ, ಮಾಗಿ ಉದುರಿದಾಗ ನರಿಗೆ. ಬಣ್ಣ ಗುರುತಿಸುವ ಶಂಕುಕೋಶಗಳು ಹಕ್ಕಿಯ ಕಣ್ಣಲ್ಲಿ ನಾಲ್ಕು ಬಗೆ, ನಮ್ಮಲ್ಲಿ ಮೂರು, ನರಿಯಲ್ಲಿ ಎರಡೇ. ಕೆಂಪು-ಹಸಿರಿನ ವ್ಯತ್ಯಾಸ ಕಾಣದ ನರಿಯನ್ನು ಹುಳಿವಾಸನೆ ಕರೆಯುತ್ತದೆ. ಕಾಲುದಾರಿಯಲ್ಲಿ ಒಣಗಿದ ನರಿಯ ಲದ್ದಿಯಲ್ಲಿ ಬಾರಿಬೀಜ ಇಡಿಯಾಗಿ ಸಿಗುವುದುಂಟು. ಕಡ್ಡಿಯಿಂದ ಕೆದಕಿ ನೋಡಿ, ಕೈಯಿಂದ ಮುಟ್ಟಬೇಡಿ.

ಗುಲಗಂಜಿಯೋ, ಕರೆದು ಏನೂ ಕೊಡದ ಬಳ್ಳಿ. ಒಡೆದ ಕಾಯಿಯೊಳಗೆ ಕೆಂಪು ಮೈ, ಕಪ್ಪು ಮಚ್ಚೆಯ ಬೀಜ ರಸಭರಿತ ಹಣ್ಣಿನಂತೆ ಹೊಳೆಯುತ್ತದೆ, ಆದರೆ ತಿರುಳಿನ ಎಳೆಯೂ ಇಲ್ಲ. ಮೋಸಹೋದ ಹಕ್ಕಿ ಬೀಜ ಒಯ್ದರೆ ಬಳ್ಳಿಗೆ ಪುಕ್ಕಟೆ ಸಾಗಣೆ. ಅಕ್ಕಸಾಲಿಗರ ತೂಕದ ಬೀಜವೆಂದು ಮಕ್ಕಳ ಕೈಗೆ ಕೊಡಬೇಡಿ: ಅಗಿದರೆ ಒಳಗಿನ ಅಬ್ರಿನ್ ಎಂಬ ವಿಷ ಪ್ರಾಣ ತೆಗೆಯಬಲ್ಲದು.

ಮರಳುವಾಗ ಎರೆಹೊಲದಲ್ಲಿ ಬ್ಯಾಡಗಿ ಮೆಣಸಿನಕಾಯಿ ಒಣಹಾಕಿರುತ್ತಾರೆ. ಗಿಡದಲ್ಲಿನ್ನೂ ಕಾಯಿ ಉಳಿದಿದ್ದರೆ ಮೊಬೈಲಲ್ಲಿ ಕಪ್ಪು-ಬಿಳುಪು ಚಿತ್ರ ತೆಗೆಯಿರಿ; ಕೆಂಪುಕಾಯಿ ಎಲೆಯೊಳಗೆ ಕರಗುತ್ತದೆ. ನರಿಯ ನೋಟ ಪೂರಾ ಹೀಗಲ್ಲ, ಅಂದಾಜಿಗೆ ಸಾಕು. ಅಮೆರಿಕ ಖಂಡದ ಕಾಡುಮೆಣಸಿನಕಾಯಿ ಚಿಕ್ಕದು, ಮೇಲ್ಮುಖ, ಸುಲಭವಾಗಿ ಕಳಚುವಂಥದ್ದು. ಅದರ ಖಾರ ಬೀಜ ಅಗಿಯುವ ಇಲಿಗೆ ಉರಿ. ಬೀಜ ನುಂಗಿ ಒಯ್ಯುವ ಹಕ್ಕಿಗೆ ತಾಗುವುದೇ ಇಲ್ಲ. ಬ್ಯಾಡಗಿಯದು ಜೋತುಬಿದ್ದ, ಸುಕ್ಕುಗಟ್ಟಿದ ಉದ್ದ ಕಾಯಿ, ಖಾರ ಕಡಿಮೆ, ಕೆಂಪು ಗಾಢ. ಬೀಜ ಎತ್ತಿಟ್ಟು ಮುಂದಿನ ಮುಂಗಾರಿಗೆ ಬಿತ್ತುವವನು ಈಗ ರೈತ.